ಹಸುರೆಲೆಯ ಕೆಂಪು ಬೆಳಕು



ಮಾಗಡಿ ತಾಲ್ಲೂಕಿನ ಕಲ್ಯ ಗ್ರಾಮವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. 1368ರಲ್ಲಿ ವಿಜಯನಗರದ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಇದ್ದ ವ್ಯಾಜ್ಯವನ್ನು ತೀರಿಸಿ ಕೊಟ್ಟ ತೀರ್ಪು ಶ್ರವಣಬೆಳಗೊಳದಲ್ಲಿರುವಂತೆ ಈ ಕಲ್ಯದಲ್ಲೂ ಶಾಸನವಾಗಿ ಇದೆ. ದನ ಕಾಯುವ ಹುಡುಗನಿಗೆ ಶಾಸನದ ಕಲ್ಲು ಬೆನ್ನು ಒರಗಿಸಿ ಕೂರುವ ಕಲ್ಲು, ಅಷ್ಟೇ. ಹಳೆಯ ಅಕ್ಷರ ಬಲ್ಲವನು ಬಂದು ನಿಂತರೆ ಅದೇ ಕಲ್ಲು ಆರುನೂರೈವತ್ತು ವರ್ಷದ ಹಿಂದಿನ ಮಾತು ಹೇಳುತ್ತೆ.

ಅದೇ ಕಲ್ಯದ ಸುತ್ತಿನ ಹೊಲದಲ್ಲಿ ನಿಂತಿರುವ ರಾಗಿ ಎಲೆಯೂ, ಹಿಪ್ಪುನೇರಳೆ ಎಲೆಯೂ ದಿನವೂ ಒಂದು ಮಾತು ಹೇಳುತ್ತಾ ಇರುತ್ತವೆ. ಅದನ್ನು ಓದುವ ಅಕ್ಷರ ಮನುಷ್ಯನಿಗೆ ತಿಳಿಯಲು ನೂರೈವತ್ತು ವರ್ಷ ಹಿಡಿಯಿತು. ಈ ಹೊತ್ತು ಆ ಕಥೆಯನ್ನು ಹೇಳುತ್ತೇನೆ.

ಕಥೆಗೆ ಮೊದಲು ನಿಮ್ಮ ಮನೆಯ ವಿಷಯವನ್ನೇ ತೆಗೆದುಕೊಳ್ಳೋಣ. ಚಾಕಿ ಹುಳ ತಂದಿದ್ದೀರಿ. ತೋಟದಲ್ಲಿ ಸೊಪ್ಪು ಕಣ್ಣಿಗೆ ಹಸುರಾಗಿಯೇ ಇದೆ. ಒಂದು ಜ್ವರ, ಎರಡು ಜ್ವರ ಸರಾಗವಾಗಿ ಕಳೆಯಿತು. ಅಷ್ಟರಲ್ಲಿ ಕೊಳವೆ ಬಾವಿ ಗಾಳಿ ಉಗುಳಲು ಶುರುಮಾಡಿತು. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ತಿನ್ನುವ ಸೊಪ್ಪೇ ಒಟ್ಟು ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು. ಸರಿಯಾಗಿ ಆ ಹೊತ್ತಿಗೆ ತೋಟ ಕೈಕೊಟ್ಟರೆ ಏನು ಗತಿ? ಪಕ್ಕದವರ ಸೊಪ್ಪು ಕೊಳ್ಳಬೇಕು, ಇಲ್ಲವೇ ಹುಳ ತಿಪ್ಪೆಗೆ ಹಾಕಬೇಕು. ಎಲೆ ಹಳದಿಯಾದಾಗ ‘ಅಯ್ಯೋ, ನೀರು ಸಾಲದು’ ಅಂತ ಎಲ್ಲರಿಗೂ ತಿಳಿಯುತ್ತೆ. ಆದರೆ ಎಲೆ ಕೆಲಸ ನಿಲ್ಲಿಸಿದ್ದು ಅದಕ್ಕಿಂತ ಎಷ್ಟೋ ದಿನ ಮೊದಲು. ಹಸುರು ಇದ್ದ ಮಾತ್ರಕ್ಕೆ ಎಲೆ ದುಡಿಯುತ್ತಿದೆ ಎಂದು ನಂಬಬೇಡಿ. ಅಂಗಡಿಯ ಬಾಗಿಲು ತೆರೆದಿದ್ದ ಮಾತ್ರಕ್ಕೆ ವ್ಯಾಪಾರ ನಡೆದಿದೆ ಅನ್ನಲಾದೀತೇ?

ಹಾಗಾದರೆ ಎಲೆಯ ದುಡಿಮೆಯನ್ನು ಅಳೆಯುವುದು ಹೇಗೆ?

ಎಲೆ ಮಾಡುವ ಕೆಲಸ ನಿಮಗೆ ಗೊತ್ತು. ಬೇರಿನ ನೀರು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು, ಮೇಲಿನಿಂದ ಬಿಸಿಲು, ಈ ಮೂರನ್ನೂ ಸೇರಿಸಿ ಸಕ್ಕರೆ ಮಾಡುತ್ತದೆ. ಪುಸ್ತಕದವರು ಇದನ್ನು ದ್ಯುತಿಸಂಶ್ಲೇಷಣೆ ಅನ್ನುತ್ತಾರೆ. ಬಿಸಿಲನ್ನು ಹಿಡಿಯುವ ಹಸುರು ಪದಾರ್ಥಕ್ಕೆ ಪತ್ರಹರಿತ್ತು ಎಂದು ಹೆಸರು. ರಾಗಿ ಕಾಳು, ಹುಳದ ಗೂಡು, ಮಾವಿನ ಹಣ್ಣು ಎಲ್ಲವೂ ಕೊನೆಗೆ ಈ ಸಕ್ಕರೆಯಿಂದಲೇ ಬಂದದ್ದು.

ಹಿಂದಿನವರು ಈ ಕೆಲಸವನ್ನು ಅಳೆಯಲು ಗುಳ್ಳೆ ಎಣಿಸುತ್ತಿದ್ದರು. ನೀರಿನೊಳಗೆ ಬೆಳೆಯುವ ಗಿಡಕ್ಕೆ ಬಿಸಿಲು ಬಿದ್ದರೆ ಆಮ್ಲಜನಕದ ಗುಳ್ಳೆ ಏಳುತ್ತದೆ. ಕಲ್ಕತ್ತೆಯಲ್ಲಿ 1917ರಲ್ಲಿ ತಮ್ಮದೇ ಸಂಶೋಧನಾ ಮಂದಿರ ಕಟ್ಟಿದ ಜಗದೀಶಚಂದ್ರ ಬೋಸರು ಗುಳ್ಳೆಗಳ ಲೆಕ್ಕವನ್ನು ತಾನೇ ಬರೆದುಕೊಳ್ಳುವ ಯಂತ್ರ ಮಾಡಿ, 1924ರಲ್ಲಿ ಈ ವಿಷಯದ ಮೇಲೆ ಒಂದು ಗ್ರಂಥವನ್ನೇ ಹೊರತಂದರು. ಒಳ್ಳೆಯ ಉಪಾಯವೇ. ಆದರೆ ಹೊಲದಲ್ಲಿ ನಿಂತ ರಾಗಿಯನ್ನು ನೀರಿನ ಜಾಡಿಯೊಳಗೆ ಮುಳುಗಿಸಿ ಗುಳ್ಳೆ ಎಣಿಸಲು ಬರುವುದಿಲ್ಲವಲ್ಲ! ಎಲೆಯನ್ನು ಕೀಳದೆ, ಕೊಯ್ಯದೆ, ನಿಂತಲ್ಲೇ ಪರೀಕ್ಷೆ ಮಾಡುವ ದಾರಿ ಬೇರೆ ಕಡೆಯಿಂದ ಬಂತು. ಎಲೆ ತಾನೇ ಹೊರಗೆ ಬಿಡುವ ಒಂದು ಮಂದವಾದ ಕೆಂಪು ಬೆಳಕಿನಿಂದ ಬಂತು.

‘ಹಸುರೆಲೆಯಿಂದ ಕೆಂಪು ಬೆಳಕೇ? ನಾವು ಕಂಡೇ ಇಲ್ಲ’ ಅಂತೀರಾ. ಕಂಡಿಲ್ಲ ನಿಜ. ಮೊದಲು ಕಂಡವನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್. ಜಾತ್ರೆಯಲ್ಲಿ ಮಕ್ಕಳು ಕಣ್ಣಿಗೆ ಹಿಡಿದು ತಿರುಗಿಸುವ, ಬಳೆಚೂರಿನ ಚಿತ್ತಾರ ಕಾಣುವ ಕೊಳವೆ ಇದೆಯಲ್ಲ, ಅದನ್ನು ಮಾಡಿದ ಪುಣ್ಯಾತ್ಮ ಇವನೇ. 1834ರಲ್ಲಿ ಪ್ರಕಟವಾದ ಲೇಖನದಲ್ಲಿ ಅವನು ಬರೆದದ್ದು ಇಷ್ಟು: ಎಲೆಯ ಹಸುರನ್ನು ಮದ್ಯಸಾರದಲ್ಲಿ ಇಳಿಸಿ ಅದರೊಳಗೆ ಬಲವಾದ ಬಿಸಿಲಿನ ಕೋಲನ್ನು ಹಾಯಿಸಿದರೆ, ಆ ದ್ರಾವಣ ಪಕ್ಕದಿಂದ ರಕ್ತಗೆಂಪಾಗಿ ಹೊಳೆಯುತ್ತದೆ. ಯಾಕೆ ಹೊಳೆಯುತ್ತದೆ ಎಂಬುದಕ್ಕೆ ಅವನು ಕೊಟ್ಟ ವಿವರಣೆ ತಪ್ಪಾಗಿತ್ತು. ಕಂಡದ್ದು ಮಾತ್ರ ಹದಿನಾರಾಣೆ ನಿಜ. 1852ರಲ್ಲಿ ಇಂಗ್ಲೆಂಡಿನ ಜಾರ್ಜ್ ಸ್ಟೋಕ್ಸ್ ಸರಿಯಾದ ಕಾರಣ ಹೇಳಿದ. ಪದಾರ್ಥ ಒಂದು ಬಣ್ಣದ ಬೆಳಕನ್ನು ನುಂಗಿ, ಸ್ವಲ್ಪ ಶಕ್ತಿಯನ್ನು ಒಳಗೇ ಕಳೆದುಕೊಂಡು, ಉಳಿದದ್ದನ್ನು ಬೇರೆ ಬಣ್ಣದಲ್ಲಿ ಹೊರಗೆ ಬಿಡುತ್ತದೆ. ನೀಲಿ ಒಳಗೆ ಹೋಗುತ್ತದೆ, ಕೆಂಪು ಹೊರಗೆ ಬರುತ್ತದೆ. ಇದಕ್ಕೆ ಕನ್ನಡದಲ್ಲಿ ಪ್ರತಿದೀಪ್ತಿ ಎಂಬ ಹೆಸರಿದೆ.

ಇದನ್ನು ನೀವೇ ಮನೆಯಲ್ಲಿ ನೋಡಬಹುದು. ಒಂದು ಹಿಡಿ ಪಾಲಕ್ ಸೊಪ್ಪನ್ನೋ ಹಿಪ್ಪುನೇರಳೆಯ ಎಳೆ ಸೊಪ್ಪನ್ನೋ ತೊಳೆದು, ನೀರು ಒರೆಸಿ, ಚೆನ್ನಾಗಿ ಅರೆಯಿರಿ. ಔಷಧಿ ಅಂಗಡಿಯ ಸ್ಪಿರಿಟ್ ಅದು ಮುಳುಗುವಷ್ಟು ಹಾಕಿ, ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಸೋಸಿ ಗಾಜಿನ ಲೋಟಕ್ಕೆ ಹಾಕಿ. ಕತ್ತಲೆ ಕೋಣೆಯಲ್ಲಿ, ಅಂಗಡಿಯವರು ನೋಟು ಪರೀಕ್ಷೆ ಮಾಡುವ ನೇರಳೆ ದೀಪವನ್ನು ಪಕ್ಕದಿಂದ ಹಿಡಿಯಿರಿ. ಹಸುರು ನೀರು ಕೆಂಪಾಗಿ ಹೊಳೆಯುತ್ತದೆ. ಮಕ್ಕಳು ಕುಣಿದಾಡುತ್ತಾರೆ. ಆದರೆ ಎರಡು ಮಾತು ನೆನಪಿಡಿ: ಸ್ಪಿರಿಟ್ಟನ್ನು ಒಲೆಯ ಹತ್ತಿರ, ಬೀಡಿಯ ಹತ್ತಿರ ತರಬಾರದು, ಆ ನೇರಳೆ ದೀಪವನ್ನು ಕಣ್ಣಿಗೆ ಹಿಡಿಯಬಾರದು.

ಅದೇ ದೀಪವನ್ನು ಗಿಡದಲ್ಲಿರುವ ಎಲೆಗೆ ಹಿಡಿದರೆ ಇಷ್ಟು ಹೊಳಪು ಬರುವುದಿಲ್ಲ. ಲೋಟದಲ್ಲಿರುವ ಹಸುರಿಗಿಂತ ಜೀವಂತ ಎಲೆಯ ಹೊಳಪು ಹತ್ತು ಪಟ್ಟಿಗೂ ಮಿಗಿಲಾಗಿ ಕಡಿಮೆ. ಇದರಲ್ಲೇ ಗುಟ್ಟು ಇರುವುದು. ಲೋಟದಲ್ಲಿ ಹಸುರು ಒಂಟಿಯಾಗಿದೆ. ಹಿಡಿದ ಬೆಳಕನ್ನು ಕೊಡೋಣವೆಂದರೆ ತೆಗೆದುಕೊಳ್ಳುವವರು ಯಾರೂ ಇಲ್ಲ. ಗಿಡದಲ್ಲಿ ಹಾಗಲ್ಲ. ಹಿಡಿದ ಬೆಳಕನ್ನು ಸಕ್ಕರೆಯ ಕೆಲಸಕ್ಕೆ ಎಳೆದುಕೊಳ್ಳುವ ಏರ್ಪಾಡು ಪಕ್ಕದಲ್ಲೇ ಇದೆ. ಅದು ಎಳೆದುಕೊಂಡಷ್ಟೂ ಕೆಂಪು ಬೆಳಕು ನಂದುತ್ತದೆ. ಈ ನಂದುವಿಕೆಯನ್ನು ಅಳೆಯುವುದೇ ನಮ್ಮ ಕಥೆಯ ತಿರುಳು.

ನಮ್ಮ ಕಡೆಯ ಕೆರೆಯನ್ನು ಮನಸ್ಸಿಗೆ ತಂದುಕೊಳ್ಳಿ. ಕೆರೆಗೆ ನೀರು ಬರುತ್ತಿದೆ. ಹೊರಗೆ ಹೋಗಲು ಮೂರು ದಾರಿ. ಒಂದು ತೂಬು: ಅದರಿಂದ ಹೋದ ನೀರು ಗದ್ದೆಗೆ, ಅನ್ನಕ್ಕೆ. ಎರಡನೆಯದು ಕೋಡಿ: ಹೆಚ್ಚಾದದ್ದು ಹರಿದುಹೋಗಿ ಏರಿ ಉಳಿಯುತ್ತದೆ. ಮೂರನೆಯದು ಏರಿಯ ಬುಡದಲ್ಲಿ ಜಿನುಗುವ ನೀರು. ಜಿನುಗು ಬಹಳ ಅಲ್ಪ, ಅದರಿಂದ ಗದ್ದೆ ಬೆಳೆಯುವುದಿಲ್ಲ. ಆದರೆ ತೂಬು ಮುಚ್ಚಿ, ಕೋಡಿಯೂ ಹೋಗದೆ ನಿಂತರೆ ಜಿನುಗು ಹೆಚ್ಚುತ್ತದೆ. ತೂಬು ತೆರೆದರೆ ಕಡಿಮೆಯಾಗುತ್ತದೆ. ಕೋಡಿ ಬಿದ್ದರೂ ಕಡಿಮೆಯಾಗುತ್ತದೆ. ಏರಿಯ ಕೆಳಗೆ ಕುಳಿತ ಜಾಣ ನೀರುಗಂಟಿ ಜಿನುಗನ್ನು ನೋಡಿಯೇ ಮೇಲಿನ ಸಂಗತಿ ಹೇಳಬಲ್ಲ.

ಎಲೆಯಲ್ಲಿ ಬಿಸಿಲೇ ನೀರು. ತೂಬು ಅಂದರೆ ಸಕ್ಕರೆಯ ಕೆಲಸ. ಕೋಡಿ ಅಂದರೆ ಹೆಚ್ಚಾದ ಬಿಸಿಲನ್ನು ಶಾಖವಾಗಿ ಹೊರಕ್ಕೆ ಬಿಡುವುದು. ಜಿನುಗು ಅಂದರೆ ಈ ಕೆಂಪು ಬೆಳಕು, ಹಿಡಿದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ.

ಜಿನುಗನ್ನು ಮೊದಲು ಮನಸ್ಸಿಟ್ಟು ನೋಡಿದವನು ಜರ್ಮನಿಯ ಹೈಡೆಲ್‌ಬರ್ಗ್ ಊರಿನ ಹಾನ್ಸ್ ಕೌಟ್ಸ್ಕಿ. 1931ರಲ್ಲಿ ಅವನೂ ಅವನ ಸಂಗಡಿಗ ಹಿರ್ಷನೂ ಸೇರಿ ಪ್ರಕಟಿಸಿದ ಬರಹ ಬಹಳ ಚಿಕ್ಕದು. ದೊಡ್ಡ ಯಂತ್ರ ಏನೂ ಇರಲಿಲ್ಲ. ಕತ್ತಲೆಯಲ್ಲಿಟ್ಟಿದ್ದ ಎಲೆಗೆ ಥಟ್ಟನೆ ಬೆಳಕು ಬಿಟ್ಟು, ಗಾಜಿನ ಮೂಲಕ ಬರಿಗಣ್ಣಿನಲ್ಲೇ ಅದರ ಕೆಂಪನ್ನು ನೋಡುತ್ತಾ ಕುಳಿತರು. ಏನು ಕಂಡಿತು? ಬೆಳಕು ಬಿದ್ದ ಕೂಡಲೇ ಕೆಂಪು ಸರ್ರನೆ ಏರಿತು. ಆಮೇಲೆ ಕೆಲವು ನಿಮಿಷಗಳಲ್ಲಿ ನಿಧಾನವಾಗಿ ಇಳಿಯಿತು. ಎಲೆ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುವ ವೇಗ ಮೇಲೇರುವುದು ಆ ಇಳಿಯುವ ಹೊತ್ತಿನಲ್ಲೇ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ, ತಕ್ಕಡಿಯ ತಟ್ಟೆಗಳ ಹಾಗೆ. 1940ರಲ್ಲಿ ಅಮೆರಿಕದ ಮೆಕಲಿಸ್ಟರ್ ಮತ್ತು ಮೈಯರ್ಸ್ ಎರಡನ್ನೂ ಒಟ್ಟೊಟ್ಟಿಗೆ ಯಂತ್ರದಲ್ಲಿ ಅಳೆದು ಇದು ನಿಜವೆಂದು ತೋರಿಸಿದರು.

ಯಾಕೆ ಹೀಗೆ? ಕತ್ತಲೆಯಲ್ಲಿದ್ದ ಎಲೆಯ ಕಾಲುವೆ ಒಣಗಿರುತ್ತದೆ. ತೂಬಿನ ಬಾಯಲ್ಲಿರುವ ಮೊದಲ ಗುಂಡಿ ಒಂದೇ ಗಳಿಗೆಗೆ ತುಂಬಿಕೊಳ್ಳುತ್ತದೆ. ಮುಂದೆ ಗದ್ದೆಯವನು ಎದ್ದು ಬಂದು ನೀರು ತಿರುಗಿಸುವ ತನಕ ಅಲ್ಲೇ ನಿಲ್ಲುತ್ತದೆ. ಆಗ ಜಿನುಗು ಹೆಚ್ಚು. ಗದ್ದೆಗೆ ಹರಿವು ಹತ್ತಿದ ಮೇಲೆ ಕಡಿಮೆ. ಈ ಮೊದಲ ಗುಂಡಿಗೆ 1963ರಲ್ಲಿ ಹಾಲೆಂಡಿನ ಲೈಡನ್ ಊರಿನ ಡಾಯ್ಸೆನ್ಸ್ ಮತ್ತು ಸ್ವೀರ್ಸ್ ‘ಕ್ಯೂ’ ಎಂದು ಹೆಸರಿಟ್ಟರು, ನಂದಿಸುವಂಥದ್ದು ಎಂಬ ಇಂಗ್ಲಿಷ್ ಮಾತಿನ ಮೊದಲ ಅಕ್ಷರ. ಗುಂಡಿ ಖಾಲಿ ಇದ್ದರೆ ಕೆಂಪು ನಂದುತ್ತದೆ, ತುಂಬಿದ್ದರೆ ಬೆಳಗುತ್ತದೆ.

ನೀವು ಹೊಡೆಯುವ ಕಳೆನಾಶಕಗಳಲ್ಲಿ ಕೆಲವು ಕೆಲಸ ಮಾಡುವುದು ಇದೇ ಜಾಗದಲ್ಲಿ. ಡೈಯುರಾನ್, ಮೆಕ್ಕೆಜೋಳದ ಹೊಲಕ್ಕೆ ಬಳಸುವ ಅಟ್ರಜಿನ್, ಇವು ಮೊದಲ ಗುಂಡಿಯಿಂದ ಮುಂದಕ್ಕೆ ಹೋಗುವ ಬಾಯಿಗೇ ಬೆಣೆ ಹೊಡೆದುಬಿಡುತ್ತವೆ. ಕಳೆ ಒಣಗುವುದಕ್ಕೆ ದಿನಗಳು ಬೇಕು. ಆದರೆ ಮದ್ದು ಎಲೆಯೊಳಗೆ ಇಳಿದ ಕೂಡಲೇ, ಎಲೆ ಇನ್ನೂ ಹಸುರಾಗಿ ನಗುತ್ತಿರುವಾಗಲೇ, ಅದರ ಕೆಂಪು ಬೆಳಕು ಏರಿಬಿಟ್ಟಿರುತ್ತದೆ.

ಇಷ್ಟೆಲ್ಲಾ ತಿಳಿದರೂ ಬಹುಕಾಲ ಇದು ಕತ್ತಲೆ ಕೋಣೆಯ ವಿದ್ಯೆಯಾಗಿಯೇ ಉಳಿಯಿತು. ಬಯಲಿನ ಬಿಸಿಲಿನ ಮುಂದೆ ಈ ಜಿನುಗು ಬೆಳಕನ್ನು ಅಳೆಯುವುದು ಸೂರ್ಯನ ಎದುರಿಗೆ ಮಿಣುಕುಹುಳ ಹುಡುಕಿದ ಹಾಗೆ. ಗಂಟು ಬಿಚ್ಚಿದವರು ಜರ್ಮನಿಯ ವೂರ್ಟ್ಸ್‌ಬರ್ಗಿನ ಉಲ್ರಿಚ್ ಶ್ರೈಬರ್ ಮತ್ತು ಅವರ ಜೊತೆಗಾರರು, 1986ರಲ್ಲಿ. ಜಾತ್ರೆಯ ಗದ್ದಲದಲ್ಲಿ ಕಳೆದುಹೋದ ಮಗನಿಗೆ ಅಪ್ಪನ ಸಿಳ್ಳೆಯ ವರಸೆ ಗೊತ್ತಿದ್ದರೆ ಎಷ್ಟು ತಮಟೆ ಬಡಿದರೂ ಗುರುತು ಹಿಡಿಯುತ್ತಾನೆ. ಶ್ರೈಬರರ ಯಂತ್ರ ಬಹಳ ಮಂದವಾದ ಬೆಳಕನ್ನು ಒಂದು ಗೊತ್ತಾದ ಲಯದಲ್ಲಿ ಮಿಟುಕಿಸುತ್ತದೆ. ಅದೇ ಲಯದಲ್ಲಿ ಎಲೆಯಿಂದ ಮರಳಿ ಬರುವ ಕೆಂಪನ್ನು ಮಾತ್ರ ಆಯ್ದುಕೊಳ್ಳುತ್ತದೆ. ಉಳಿದ ಬಿಸಿಲೆಲ್ಲ ಅದರ ಪಾಲಿಗೆ ಬರೀ ಗದ್ದಲ. ನಡುನಡುವೆ ಒಂದು ಸೆಕೆಂಡಿನಷ್ಟು ಹೊತ್ತು ಅತಿ ಬಲವಾದ ಮಿಂಚನ್ನು ಎಲೆಯ ಮೇಲೆ ಬಿಡುತ್ತದೆ. ಆ ಮಿಂಚಿಗೆ ಮೊದಲ ಗುಂಡಿಗಳೆಲ್ಲ ತುಂಬಿಹೋಗಿ, ಒಂದು ಕ್ಷಣ ತೂಬು ಕಟ್ಟಿದಂತಾಗುತ್ತದೆ.

ಮಿಂಚು ಯಾಕೆ ಬೇಕು ಅಂದರೆ, ಜಿನುಗು ಕಡಿಮೆಯಾದದ್ದು ತೂಬಿನಿಂದಲೋ ಕೋಡಿಯಿಂದಲೋ ಹಾಗೇ ನೋಡಿದರೆ ತಿಳಿಯದು. ಒಂದು ಕ್ಷಣ ತೂಬು ಕಟ್ಟಿ ನೋಡಿದರೆ ತಿಳಿಯುತ್ತದೆ. ಲೆಕ್ಕ ಅರ್ಥವಾಗಲೆಂದು ನಾನೇ ಕೆಲವು ಅಂಕಿ ಹಾಕುತ್ತೇನೆ. ಬೆಳಗಾಗುವ ಮುಂಚೆ, ಬೆಳಕು ಕಾಣದ ಎಲೆಯ ಕೆಂಪು 17 ಇತ್ತು ಎನ್ನಿ. ಮಿಂಚು ಕೊಟ್ಟಾಗ 100ಕ್ಕೆ ಏರಿತು. ನಡುವಿನ ಅಂತರ 83. ಅಂದರೆ ತೂಬು ಪೂರ್ತಿ ತೆರೆದಿದ್ದಾಗ ಎಲೆ ಹಿಡಿದ ಬೆಳಕಿನಲ್ಲಿ ನೂರಕ್ಕೆ 83 ಪಾಲನ್ನು ಕೆಲಸಕ್ಕೆ ಹಚ್ಚಬಲ್ಲದು, 0.83. ಈಗ ನಡುಮಧ್ಯಾಹ್ನ ಅದೇ ಎಲೆಯನ್ನು ನೋಡಿದಿರಿ. ಬಿಸಿಲಿನಲ್ಲಿ ಕೆಂಪು 40 ಇದೆ. ಮಿಂಚಿಗೆ 60ರ ತನಕ ಮಾತ್ರ ಏರಿತು. ಅಂತರ 20, ಅರವತ್ತರಲ್ಲಿ ಇಪ್ಪತ್ತು, ಮೂರರಲ್ಲಿ ಒಂದು ಪಾಲು. ಈ ಹೊತ್ತು ತೂಬಿಗೆ ಹೋಗುತ್ತಿರುವುದು ಅಷ್ಟೇ. ಬೆಳಗ್ಗೆ 100 ಮುಟ್ಟಿದ ಮಿಂಚಿನ ಹೊಳಪು ಈಗ 60ಕ್ಕೇ ನಿಂತದ್ದು ಕೋಡಿ ಬಿದ್ದಿರುವುದರ ಗುರುತು. ಎಲೆ ಕೀಳಲಿಲ್ಲ, ಕತ್ತರಿಸಲಿಲ್ಲ, ತೂಬಿನ ಲೆಕ್ಕವೂ ಕೋಡಿಯ ಲೆಕ್ಕವೂ ಕೈಗೆ ಬಂತು.

0.83 ಎಂಬ ಅಂಕಿಯನ್ನು ನಾನು ಸುಮ್ಮನೆ ಹೇಳಲಿಲ್ಲ. 1987ರಲ್ಲಿ ಬ್ಯೋರ್ಕ್‌ಮನ್ ಮತ್ತು ಬಾರ್ಬರಾ ಡೆಮ್ಮಿಗ್ ಎಂಬುವರು ನಲವತ್ತಕ್ಕೂ ಹೆಚ್ಚು ಬಗೆಯ ಗಿಡಗಳನ್ನು ಪರೀಕ್ಷಿಸಿದರು. ಕಾಡುಗಿಡವಾಗಲಿ ನಾಡಗಿಡವಾಗಲಿ, ಆರೋಗ್ಯವಾಗಿರುವ ಎಲೆಗೆ ಈ ಅಂಕಿ ಹೆಚ್ಚುಕಡಿಮೆ 0.83ರ ಹತ್ತಿರವೇ ಬಂತು. ರಾಗಿ, ಜೋಳ, ಮೆಕ್ಕೆಜೋಳಗಳ ಜಾತಿಯ ಬಿಸಿಲುಪ್ರಿಯ ಹುಲ್ಲುಗಳಲ್ಲಿ ಮಾತ್ರ ಸ್ವಲ್ಪ ಕಡಿಮೆ. ಮನುಷ್ಯನ ಮೈ ಬಿಸಿ ನೋಡಿ ಡಾಕ್ಟರು ಜ್ವರ ಹೇಳುವಂತೆ ಎಲೆಗೂ ಒಂದು ಅಂಕಿ ಸಿಕ್ಕಿತು. 1989ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಜೆಂಟಿ ಮತ್ತು ಅವರ ಜೊತೆಗಾರರು ಮೆಕ್ಕೆಜೋಳ, ಬಾರ್ಲಿ ಎಲೆಗಳಲ್ಲಿ ಬಿಸಿಲಿನ ಹೊತ್ತಿನ ಅಳತೆಗೂ ಎಲೆ ಎಳೆದುಕೊಳ್ಳುವ ಇಂಗಾಲದ ಡೈಆಕ್ಸೈಡಿಗೂ ತಾಳೆ ನೋಡಿ, ಎರಡೂ ಹೊಂದುತ್ತವೆಂದು ತೋರಿಸಿದರು. ಅಲ್ಲಿಂದ ಮುಂದೆ ಈ ವಿದ್ಯೆ ಹೊಲಕ್ಕೆ ಇಳಿಯಿತು.

ಕೋಡಿಯ ವಿಷಯ ಇನ್ನೂ ಸ್ವಾರಸ್ಯವಾಗಿದೆ, ಸ್ವಲ್ಪ ನಿಂತು ಕೇಳಿ. ಬಿಸಿಲು ಹೆಚ್ಚಾದರೆ ಗಿಡಕ್ಕೆ ಒಳ್ಳೆಯದೇ ತಾನೇ ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಬಳಸಲಾಗದ ಬಿಸಿಲು ಎಲೆಯೊಳಗೆ ಉಳಿದರೆ ಅಲ್ಲಿನ ಏರ್ಪಾಡನ್ನೇ ಸುಡುತ್ತದೆ, ಕೋಡಿ ಇಲ್ಲದ ಕೆರೆಯ ಏರಿ ಒಡೆಯುವಂತೆ. ಆದ್ದರಿಂದ ಎಲೆ ಬಿಸಿಲು ಜೋರಾದಾಗ ತನ್ನಲ್ಲಿರುವ ಒಂದು ಹಳದಿ ಬಣ್ಣದ ಪದಾರ್ಥವನ್ನು ಬದಲಾಯಿಸಿ ಜಿಯಾಜ್ಯಾಂತಿನ್ ಎಂಬ ಇನ್ನೊಂದನ್ನು ಮಾಡಿಕೊಳ್ಳುತ್ತದೆ. ಮೆಕ್ಕೆಜೋಳದ ಕಾಳಿನ ಹಳದಿಯಲ್ಲಿ ಇದು ಇದೆ, ಆ ಬೆಳೆಯ ಶಾಸ್ತ್ರೀಯ ಹೆಸರಿನಿಂದಲೇ ಇದಕ್ಕೂ ಹೆಸರು ಬಂದದ್ದು. ಕೋಡಿ ತೆರೆಯುವುದಕ್ಕೂ ಈ ಪದಾರ್ಥಕ್ಕೂ ಸಂಬಂಧವಿದೆಯೆಂದು ಅದೇ ಡೆಮ್ಮಿಗ್ ಮತ್ತು ಜೊತೆಗಾರರು 1987ರಲ್ಲಿ ತೋರಿಸಿದರು. 2000ದಲ್ಲಿ ಅಮೆರಿಕದ ಬರ್ಕ್ಲಿಯವರು ಕೋಡಿಯನ್ನು ಬೇಗ ತೆರೆಯಲು ಬೇಕಾದ ಒಂದು ಸಸಾರಜನಕವನ್ನೂ ಗುರುತಿಸಿದರು.

ಈ ಕೋಡಿಗೆ ಒಂದು ದೋಷವುಂಟು. ತೆರೆಯುವಾಗ ಚುರುಕು, ಮುಚ್ಚುವಾಗ ಸೋಮಾರಿ. ಮೋಡ ಬಂದು ನೆರಳಾದರೂ ಸ್ವಲ್ಪ ಹೊತ್ತು ಬೆಳಕನ್ನು ಶಾಖವಾಗಿ ಚೆಲ್ಲುತ್ತಲೇ ಇರುತ್ತದೆ. ಅಮೆರಿಕದ ಇಲಿನಾಯ್ ಪ್ರಾಂತದವರು ಕೋಡಿ ಬೇಗ ಮುಚ್ಚುವಂತೆ ತಂಬಾಕಿನ ವಂಶವಾಹಿ ತಿದ್ದಿ, ಹೊಲದಲ್ಲಿ ನೂರಕ್ಕೆ ಸುಮಾರು 15ರಷ್ಟು ಹೆಚ್ಚು ಬೆಳವಣಿಗೆ ಬಂತೆಂದು 2016ರಲ್ಲಿ ಪ್ರಕಟಿಸಿದರು. ಸೋಯಾ ಅವರೆಯಲ್ಲೂ ಅದನ್ನೇ ಮಾಡಿದ ವರದಿ 2022ರಲ್ಲಿ ಬಂತು. ಒಂದು ವರ್ಷ ಕಾಳಿನ ಇಳುವರಿ ಸರಾಸರಿ ನೂರಕ್ಕೆ 24ರಷ್ಟು ಹೆಚ್ಚಿತು. ಮರುವರ್ಷ ಗಾಳಿಮಳೆಗೆ ಪೈರು ಮಲಗಿ ವ್ಯತ್ಯಾಸವೇ ಕಾಣಲಿಲ್ಲ. ಪತ್ರಿಕೆಗಳು ಮೊದಲ ವರ್ಷದ್ದನ್ನು ದಪ್ಪ ಅಕ್ಷರದಲ್ಲಿ ಹಾಕಿದವು. ಬೆಳೆ ಬೆಳೆಯುವ ನೀವು ಎರಡನೆಯ ವರ್ಷದ್ದನ್ನೂ ಕೇಳಿಸಿಕೊಳ್ಳಬೇಕು. ಅಲ್ಲದೆ ನೀರುಂಡ ಸೋಯಾ ಹೊಲಕ್ಕೆ ಸರಿಹೋದದ್ದು ಮಾಗಡಿಯ ಬರಡು ಕೆಂಪು ನೆಲದ ರಾಗಿಗೆ ಸರಿಹೋಗಬೇಕೆಂದೇನೂ ಇಲ್ಲ. ಬರದಲ್ಲಿ ನಿಂತ ಪೈರಿಗೆ ಕೋಡಿಯೇ ಪ್ರಾಣ ಕಾಯುವುದು.

ಈ ಕಥೆಯಲ್ಲಿ ನಮ್ಮ ದೇಶದವರ ಪಾಲೂ ಇದೆ. 1932ರಲ್ಲಿ ಅಲಹಾಬಾದಿನಲ್ಲಿ, ಅಂದರೆ ಇಂದಿನ ಪ್ರಯಾಗರಾಜದಲ್ಲಿ ಹುಟ್ಟಿದ ಗೋವಿಂದಜಿ ಎಂಬುವರು ಅಲ್ಲಿಯೇ ಓದಿ, 1956ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಆಯುಷ್ಯದ ಬಹುಭಾಗವನ್ನು ಈ ಕೆಂಪು ಬೆಳಕಿನ ಅಧ್ಯಯನಕ್ಕೇ ಕೊಟ್ಟರು. ಈ ವಿಷಯ ಓದುವವರು ಅವರು ಸಂಪಾದಿಸಿದ ಗ್ರಂಥಗಳನ್ನು ದಾಟಿ ಹೋಗುವಂತಿಲ್ಲ.

ಇನ್ನು ನಮ್ಮ ಸೀಮೆಗೆ ಬನ್ನಿ. ಚನ್ನಪಟ್ಟಣದ ಕಣ್ವ ಸರ್ಕಾರಿ ರೇಷ್ಮೆ ಫಾರಂನಲ್ಲಿ ಮೈಸೂರು ನಾಟಿ ಕಡ್ಡಿಯ ಸಸಿಗಳ ನಡುವೆ ಆರಿಸಿದ ತಳಿಯೇ ಕಣ್ವ-2. ಎಂ-5 ಅಂದರೂ ಅದೇ. ನಮ್ಮ ಕಡೆಯ ಎಷ್ಟೋ ಮನೆಗಳ ಸಾಲ ತೀರಿಸಿದ ಕಡ್ಡಿ ಅದು. ಅದನ್ನು ಆರಿಸಿದವರ ಕೈಯಲ್ಲಿ ಇಂಥ ಯಂತ್ರ ಇರಲಿಲ್ಲ. ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ ಸಿ. ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟಾಗಲೂ ಇರಲಿಲ್ಲ. ಅವರಿಗಿದ್ದದ್ದು ಕಣ್ಣು, ತಾಳ್ಮೆ, ಸಾವಿರಾರು ತೆನೆಗಳ ನೆನಪು. ಇವತ್ತು ತಳಿ ಆರಿಸುವವರಿಗೆ ಆ ಕಣ್ಣಿನ ಜೊತೆಗೆ ಈ ಅಳತೆಯೂ ಸಿಕ್ಕಿದೆ. ಹತ್ತಾರು ಸಾಲುಗಳಿಗೆ ನೀರು ನಿಲ್ಲಿಸಿ, ಯಾವ ಸಾಲಿನ ತೂಬು ಹೆಚ್ಚು ದಿನ ಹರಿಯಿತು, ಮಳೆ ಬಿದ್ದ ಮೇಲೆ ಯಾವುದು ಬೇಗ ಚೇತರಿಸಿಕೊಂಡಿತು ಎಂದು ಎಲೆ ಕೀಳದೆ ನೋಡಬಹುದು. 2010ರ ಸುಮಾರಿನಲ್ಲಿ ಹೈದರಾಬಾದ್ ವಿಶ್ವವಿದ್ಯಾನಿಲಯದವರು ಹಿಪ್ಪುನೇರಳೆ ತಳಿಗಳ ಬರ ತಡೆಯುವ ಶಕ್ತಿಯನ್ನು ಬೇರೆ ಅಳತೆಗಳ ಜೊತೆ ಈ ಅಳತೆಯಿಂದಲೂ ಪರೀಕ್ಷಿಸಿದರು. ನನ್ನ ಮಟ್ಟಿಗೆ ಇದರ ದೊಡ್ಡ ಉಪಯೋಗ ಇದೇ. ಒಳ್ಳೆಯ ಕಡ್ಡಿ, ಒಳ್ಳೆಯ ಬೀಜ ಬೇಗ ಕೈಗೆ ಬಂದರೆ ರೈತನಿಗೆ ಯಂತ್ರದ ಹಂಗೇಕೆ?

ಆದರೂ ಯಾರಾದರೂ ನಿಮ್ಮ ಹೊಲಕ್ಕೆ ಇಂಥ ಪೆಟ್ಟಿಗೆ ಹಿಡಿದು ಬಂದು, ಎಲೆಗೆ ಕ್ಲಿಪ್ಪು ಹಾಕಿ, ‘0.8 ಇದೆ, ನಿಮ್ಮ ಬೆಳೆಗೆ ಏನೂ ತೊಂದರೆಯಿಲ್ಲ’ ಎಂದರೆ ಪೂರ್ತಿ ನಂಬಿಬಿಡಬೇಡಿ. ಬೆಳಗಿನ ಜಾವದ ಅಂಕಿ ಬಹಳ ಗಟ್ಟಿ ಅಂಕಿ. ನೀರು ಸಾಲದೆ ಬಂದಾಗ ಎಲೆ ಮೊದಲು ಮಾಡುವ ಕೆಲಸ ತನ್ನ ಸಣ್ಣ ಸಣ್ಣ ಉಸಿರುಬಾಯಿಗಳನ್ನು ಮುಚ್ಚಿಕೊಳ್ಳುವುದು. ನೀರು ಉಳಿಯುತ್ತದೆ, ಆದರೆ ಗಾಳಿ ಒಳಗೆ ಬರುವುದಿಲ್ಲ, ಸಕ್ಕರೆಯ ಕೆಲಸ ಕುಗ್ಗುತ್ತದೆ. ಆಗಲೂ ಯಂತ್ರದ ಒಳಭಾಗ ಕೆಟ್ಟಿರುವುದಿಲ್ಲ. ರಾತ್ರಿ ಕಳೆದು ಬೆಳಗಾದರೆ ಅಂಕಿ ಮತ್ತೆ 0.8ರ ಮೇಲೆ ನಿಂತಿರುತ್ತದೆ. ಬರ ಬಹಳ ಬಲಿತ ಮೇಲೆಯೇ ಅದು ಜಾರುವುದು. ಮೊದಲ ಸುಳಿವು ಕಾಣುವುದು ಬಿಸಿಲಿನ ಹೊತ್ತಿನ ಅಳತೆಯಲ್ಲಿ: ತೂಬಿನ ಪಾಲು ಇಳಿದು ಕೋಡಿಯ ಪಾಲು ಏರಿದೆಯೇ ಎಂಬುದರಲ್ಲಿ. ಆದ್ದರಿಂದ ‘ಸ್ವಾಮಿ, ಮಧ್ಯಾಹ್ನ ಒಂದು ಸಲ ನೋಡಿ, ನೀರುಂಡ ಗಿಡವನ್ನೂ ಪಕ್ಕದಲ್ಲಿಟ್ಟು ನೋಡಿ’ ಎಂದು ಕೇಳಿ. ಬೆಳಗಿನ ಅಂಕಿಯನ್ನು ಹಗಲಲ್ಲಿ ತೆಗೆಯುವುದಾದರೆ ಎಲೆಗೆ ಕ್ಲಿಪ್ಪು ಮುಚ್ಚಿ ಇಪ್ಪತ್ತು ಮೂವತ್ತು ನಿಮಿಷ ಕತ್ತಲಲ್ಲಿಡಬೇಕು. ಬಂದವರಿಗೆ ಅಷ್ಟು ಪುರುಸೊತ್ತಿಲ್ಲದಿದ್ದರೆ ಆ ಅಂಕಿಗೆ ಬೆಲೆಯಿಲ್ಲ.

ಇನ್ನೊಂದು ಮಿತಿ. ಜ್ವರ ಇದೆ ಎಂದು ಕಡ್ಡಿ ಹೇಳುತ್ತದೆ, ಮಲೇರಿಯವೋ ಶೀತವೋ ಎಂದು ಹೇಳುವುದಿಲ್ಲ. ಇದೂ ಹಾಗೆಯೇ. ನೀರಿನ ಕೊರತೆ, ಚಳಿ, ಅತಿಯಾದ ಬಿಸಿ, ಗೊಬ್ಬರದ ಕೊರತೆ, ಗಾಳಿಯಲ್ಲಿ ತೂರಿಬಂದ ಕಳೆನಾಶಕ, ಎಲ್ಲದಕ್ಕೂ ಎಲೆ ಸಂಕಟ ತೋರಿಸುತ್ತದೆ. ಕಾರಣ ಹುಡುಕಬೇಕಾದವರು ನೀವೇ, ಬೇರು ಕಿತ್ತು ನೋಡಿ, ಮಣ್ಣು ಹಿಸುಕಿ ನೋಡಿ. ಹಾಗೆಯೇ ಸೊಪ್ಪು ಹುಳಕ್ಕೆ ಎಷ್ಟು ರುಚಿ, ಎಷ್ಟು ಪುಷ್ಟಿ ಎಂಬುದನ್ನೂ ಈ ಬೆಳಕು ಹೇಳದು. ಅದನ್ನು ಹೇಳುವುದು ಹುಳ ಮೇಯಿಸುವ ಅಕ್ಕಂದಿರ ಕೈ.

ಈಗ ಆಕಾಶದಿಂದಲೂ ಈ ಬೆಳಕನ್ನು ನೋಡುತ್ತಾರೆ ಎಂದರೆ ನಿಮಗೆ ಆಶ್ಚರ್ಯವಾದೀತು. ಜಪಾನಿನವರು 2009ರಲ್ಲಿ ಹಾರಿಸಿದ ಗೋಸಾಟ್ ಉಪಗ್ರಹದ ಅಳತೆಗಳಿಂದ ಭೂಮಿಯ ಮೇಲಿನ ಎಲೆಗಳ ಕೆಂಪು ಬೆಳಕಿನ ನಕಾಶೆಯನ್ನು 2011ರಲ್ಲಿ ತೆಗೆದರು. ಅದು ನಾಡಿಗೆ ನಾಡನ್ನೇ ಒಟ್ಟಾಗಿ ನೋಡುವ ಕಣ್ಣು. ನಿಮ್ಮ ಎರಡು ಎಕರೆ ಅದಕ್ಕೆ ಕಾಣುವುದಿಲ್ಲ.

ಎರಡು ಎಕರೆಯವನಿಗೆ ಇರುವ ದಾರಿ ಹಳೆಯದೇ, ಈ ವಿದ್ಯೆ ತಿಳಿದ ಮೇಲೆ ಅದಕ್ಕೆ ಅರ್ಥ ಹೆಚ್ಚಿದೆ. ರಾಗಿ ಗರಿ ಮಧ್ಯಾಹ್ನ ಸುರುಳಿಕೊಂಡು ಸಂಜೆ ಬಿಚ್ಚಿಕೊಂಡರೆ ಅದು ಬಿಸಿಲಿಗೆ ಬೆನ್ನು ತಿರುಗಿಸಿ ತನ್ನನ್ನು ತಾನು ಕಾಯ್ದುಕೊಳ್ಳುತ್ತಿದೆ. ಬೆಳಗ್ಗೆಯೂ ಬಿಚ್ಚಿಕೊಳ್ಳದಿದ್ದರೆ ಸಂಕಟ ಒಳಗೆ ಇಳಿದಿದೆ. ಹಿಪ್ಪುನೇರಳೆಯ ಕುಡಿ ಎಲೆ ಬರುವುದು ನಿಧಾನವಾಗಿ, ಗೆಣ್ಣು ಗೆಣ್ಣಿನ ಅಂತರ ಗಿಡ್ಡವಾದರೆ, ಎಲೆ ಎಷ್ಟೇ ಹಸುರಾಗಿರಲಿ, ತೂಬು ಆಗಲೇ ಕುಗ್ಗಿದೆ ಎಂದು ತಿಳಿಯಿರಿ. ಚಾಕಿ ತರುವ ಮೊದಲು ಇದನ್ನು ನೋಡಿ. ಆಗ ಮೊಟ್ಟೆಯ ಲೆಕ್ಕ ಇಳಿಸಿಕೊಳ್ಳಲು ಇನ್ನೂ ಹೊತ್ತಿರುತ್ತದೆ. ಮೂರನೇ ಜ್ವರ ಕಳೆದ ಮೇಲೆ ಇರುವುದಿಲ್ಲ.

ಕಲ್ಯಕ್ಕೆ ಸಮೀಪದ ಚಂದೂರಾಯನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ನಡೆಯುವ ಸಂಸ್ಥೆ. ಅನುಮಾನ ಬಂದಾಗ ಹಳದಿ ಎಲೆ ಉದುರುವ ತನಕ ಕಾಯದೆ, ಹಸುರಿರುವಾಗಲೇ ಅಲ್ಲಿಗೆ ಹೋಗಿ. ಎಲೆ ಒಂದನ್ನೇ ಕಿತ್ತು ಒಯ್ಯಬೇಡಿ. ದಾರಿಯಲ್ಲೇ ಅದು ಬಾಡಿ ಬೇರೆ ಕಥೆ ಹೇಳುತ್ತದೆ. ಬೇರಿನ ಸಮೇತ ಒಂದು ಗಿಡ, ಒಂದು ಹಿಡಿ ಮಣ್ಣು, ಕಡೆಯ ಸಲ ನೀರು ಹಾಯಿಸಿದ ದಿನ, ಹೊಡೆದ ಔಷಧಿಯ ಹೆಸರು, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.